ಭಿಗವಣದಲ್ಲಿ ಒಮ್ಮೆ ಇಳಿಯಿರಿ

ಬೇಸಿಗೆ ಬಂತೆಂದರೆ ಪುಣೆ, ಸೊಲ್ಲಾಪುರದ ಮರಾಠಿ ಪತ್ರಿಕೆಗಳಲ್ಲಿ ಒಂದು ವಿಚಿತ್ರ ಲೆಕ್ಕ ಕಾಣಿಸಿಕೊಳ್ಳುತ್ತದೆ. ‘ಉಜನಿ ಮೈನಸ್ 10’, ‘ಉಜನಿ ಮೈನಸ್ 30’. 2024ರ ಬೇಸಿಗೆಯಲ್ಲಂತೂ ಈ ಅಂಕಿ ಮೈನಸ್ 50ನ್ನೂ ದಾಟಿ ಇಳಿದಿತ್ತು. ಜಲಾಶಯ ಸೊನ್ನೆಗೆ ಬರುವುದು ಗೊತ್ತು, ಸೊನ್ನೆಗಿಂತ ಕೆಳಗೆ ಹೋಗುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಉಜನಿ ಪೂರ್ತಿ ತುಂಬಿದರೆ ಸುಮಾರು 117 ಟಿಎಂಸಿ ನೀರು. ಅದರಲ್ಲಿ ಕಾಲುವೆಗೆ ಬಿಡಲೆಂದು ಲೆಕ್ಕಕ್ಕೆ ಹಿಡಿದದ್ದು ಸುಮಾರು 53 ಟಿಎಂಸಿ. ಮಿಕ್ಕ 63 ಟಿಎಂಸಿಯಷ್ಟು ನೀರಿಗೆ ಸರ್ಕಾರಿ ಕಾಗದದಲ್ಲಿ ‘ಡೆಡ್ ಸ್ಟೋರೇಜ್’ ಎಂಬ ಹೆಸರು. ನೀರಿನ ಮಟ್ಟ ಆ ಗೆರೆಗಿಂತ ಕೆಳಗಿಳಿದರೆ ಮೈನಸ್ ಲೆಕ್ಕ ಶುರು.

ಕಾಗದದಲ್ಲಿ ಸತ್ತದ್ದೆಂದು ಬರೆದ ಈ ನೀರಿನ ಸುತ್ತ ನೂರಾರು ಕುಟುಂಬಗಳ ಬದುಕು ನಡೆಯುತ್ತದೆ. ಅದರಲ್ಲೇ ಮೀನು ಹಿಡಿಯುತ್ತಾರೆ. ನೀರು ಹಿಂದೆ ಸರಿದ ಕೆಸರುಭೂಮಿಯಲ್ಲಿ ಬಿತ್ತುತ್ತಾರೆ. ಅದೇ ನೀರಿನ ಮೇಲೆ ದೋಣಿ ಹಾಕಿ ಆಚೆ ದಡದ ಸಂತೆಗೆ, ಮದುವೆಗೆ ಹೋಗುತ್ತಾರೆ. ನಾನು ಆ ಹಳ್ಳಿಗಳಿಗೆ ಹತ್ತಾರು ಬಾರಿ ಹೋಗಿ ಬಂದಿದ್ದೇನೆ. ಪುಣೆಯಲ್ಲಿರುವ ಕನ್ನಡಿಗರೆಲ್ಲ, ಅದರಲ್ಲೂ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು, ಒಮ್ಮೆಯಾದರೂ ಅಲ್ಲಿಗೆ ಹೋಗಬೇಕು ಎಂಬುದು ನನ್ನ ವಾದ. ಹಕ್ಕಿ ನೋಡಲು ಹೋಗಿ, ತಪ್ಪಿಲ್ಲ. ಆದರೆ ಹೋದವರು ಹಳ್ಳಿಯನ್ನೂ ನೋಡಿ ಬರಬೇಕು. ಯಾಕೆಂದರೆ ಆ ಕೆರೆಯ ಜೊತೆ ನಮ್ಮದು ಪ್ರವಾಸಿಗರ ಸಂಬಂಧವಲ್ಲ, ಕೊಡಬೇಕಾದ ಬಾಕಿಯ ಸಂಬಂಧ.

ನಾನು ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯವನು. 16 ವರ್ಷಗಳಿಂದ ಪಿಂಪ್ರಿ-ಚಿಂಚವಾಡದಲ್ಲಿದ್ದೇನೆ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆ ನನ್ನ ಕೆಲಸ. ನಾನು ಇಲ್ಲಿ ಸ್ನಾನ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆ ಹಿಡಿದು ನೋಡಿದರೆ ದಾರಿ ಸ್ಪಷ್ಟವಾಗಿದೆ. ನಮ್ಮ ಬಡಾವಣೆಯ ಪಕ್ಕದ ಪವನಾ ನದಿ ಮುಳಾ ನದಿಯನ್ನು ಸೇರುತ್ತದೆ. ಪುಣೆಯ ಸಂಗಮದಲ್ಲಿ ಮುಳಾ ಮತ್ತು ಮುಠಾ ಒಂದಾಗುತ್ತವೆ. ಆ ಮುಳಾ-ಮುಠಾ ರಾಂಜಣಗಾಂವ ಸಾಂಡಸದ ಬಳಿ ಭೀಮೆಗೆ ಬೀಳುತ್ತದೆ. ಭೀಮೆ ನೇರ ಉಜನಿಗೆ ಬಂದು ನಿಲ್ಲುತ್ತಾಳೆ. ಅಲ್ಲಿಂದ ಬಿಟ್ಟರೆ ಪಂಢರಪುರ, ಆಮೇಲೆ ಗಡಿ ದಾಟಿ ನಮ್ಮ ಇಂಡಿ, ಅಫಜಲಪುರ, ದೇವಲ ಗಾಣಗಾಪುರ. ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ಒಡಲು.

ಅಂದರೆ ನನ್ನ ಬಚ್ಚಲ ನೀರೂ ನನ್ನ ಅವ್ವ ತುಂಬಿಕೊಳ್ಳುವ ನೀರೂ ಒಂದೇ ಹಗ್ಗದ ಎರಡು ತುದಿ. ನಡುವಿನ ಗಂಟು ಉಜನಿ. ಪುಣೆಯಲ್ಲಿ ದುಡಿಯುವ ಭೀಮಾ ತೀರದ ಸಾವಿರಾರು ಜನರದೂ ಇದೇ ಕತೆ. ಆದರೂ ನಮ್ಮಲ್ಲಿ ಹೆಚ್ಚಿನವರು ಆ ಗಂಟನ್ನು ಕಣ್ಣಾರೆ ಕಂಡಿಲ್ಲ. ರಾತ್ರಿ ಬಸ್ಸು ಹತ್ತಿ ಮಲಗುತ್ತೇವೆ, ಸೊಲ್ಲಾಪುರದಲ್ಲಿ ಕಂಡಕ್ಟರ್ ಕೂಗಿದಾಗ ಎಚ್ಚರವಾಗುತ್ತದೆ. ಪುಣೆಯಿಂದ ಸುಮಾರು 100 ಕಿಲೋಮೀಟರ್ ದೂರದ ಭಿಗವಣ ನಿದ್ದೆಯಲ್ಲೇ ದಾಟಿಹೋಗಿರುತ್ತದೆ. ರೈಲಿನಲ್ಲಿ ಹೋದರೂ ಅಷ್ಟೇ. ದೌಂಡ್ ಆದಮೇಲೆ ಭಿಗವಣ ಎಂಬ ನಿಲ್ದಾಣದ ಹಲಗೆ ಕಿಟಕಿಯಲ್ಲಿ ಸರಿದುಹೋಗುತ್ತದೆ.

ಮೊದಲು ಹಕ್ಕಿಗಳ ಮಾತು. ಚಳಿಗಾಲದಿಂದ ಬೇಸಿಗೆಯವರೆಗೆ ಭಿಗವಣದ ಸುತ್ತಲಿನ ಕುಂಭಾರಗಾವ್, ಡಿಕಸಳದಂಥ ಹಳ್ಳಿಗಳ ಹಿನ್ನೀರಿಗೆ ಫ್ಲೆಮಿಂಗೊಗಳು ಬರುತ್ತವೆ. ನಮ್ಮಲ್ಲಿ ರಾಜಹಂಸ ಎನ್ನುತ್ತಾರಲ್ಲ, ಅವೇ. ಹಿಮಾಲಯ ದಾಟಿ ಬರುವ ಪಟ್ಟೆ ತಲೆಯ ಹೆಬ್ಬಾತುಗಳೂ ಇಲ್ಲಿಗೆ ಬರುತ್ತವೆ. ಬೆಳಗಿನ ಜಾವ ದೋಣಿಯಲ್ಲಿ ಕೂತು ನೋಡಿದರೆ, ಎಂಥ ಒರಟ ಮನುಷ್ಯನೂ ಮಾತು ನಿಲ್ಲಿಸುತ್ತಾನೆ. ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಈಗ ದೋಣಿ ನಡೆಸುತ್ತಾರೆ, ಹಕ್ಕಿಗಳ ಹೆಸರನ್ನು ಇಂಗ್ಲಿಷಿನಲ್ಲೂ ಹೇಳುತ್ತಾರೆ. ಮನೆಯ ಹೆಂಗಸರು ಬಂದವರಿಗೆ ಭಾಕರಿ, ಮೀನಿನ ಸಾರು ಮಾಡಿ ಬಡಿಸುತ್ತಾರೆ. ನಾಲ್ಕೈದು ತಿಂಗಳು ಕೈಯಲ್ಲಿ ಕಾಸು ಆಡುತ್ತದೆ. ಪ್ರವಾಸೋದ್ಯಮ ಎಂದರೆ ಮೂಗು ಮುರಿಯುವವರು ಇದನ್ನು ಮರೆಯಬಾರದು. ಹಕ್ಕಿಯ ನೆಪದಲ್ಲಿ ಹಳ್ಳಿಗೆ ಬಂದ ದುಡ್ಡು ಒಳ್ಳೆಯ ದುಡ್ಡೇ.

ನನ್ನ ತಕರಾರು ಬೇರೆ. ಪುಣೆಯಿಂದ ಬೆಳಗಿನ ನಾಲ್ಕಕ್ಕೆ ಹೊರಟು, ಏಳಕ್ಕೆ ದೋಣಿ ಹತ್ತಿ, ಹತ್ತಕ್ಕೆ ಫೋಟೊ ಮುಗಿಸಿ, ಹನ್ನೊಂದಕ್ಕೆ ಹೆದ್ದಾರಿಯ ಢಾಬಾದಲ್ಲಿ ಮೀನು ತಿಂದು, ಮಧ್ಯಾಹ್ನದ ನಿದ್ದೆಗೆ ಮನೆ ಸೇರುವ ಪ್ರವಾಸವಿದೆ. ಅದರಲ್ಲಿ ಹಳ್ಳಿ ಕಾಣುವುದೇ ಇಲ್ಲ. ಕಾರು ನಿಲ್ಲಿಸಲು ಒಂದು ಜಾಗ, ದೋಣಿ ಹತ್ತಲು ಒಂದು ದಡ, ಅಷ್ಟೇ ಹಳ್ಳಿ. ಹಕ್ಕಿ ಸಾವಿರಾರು ಮೈಲಿಯಿಂದ ಬಂದದ್ದು ನಮಗೆ ಗೊತ್ತಾಗುತ್ತದೆ. ದೋಣಿ ನಡೆಸುವವನ ಮನೆ ಎಲ್ಲಿಂದ ಎದ್ದು ಬಂದು ಇಲ್ಲಿ ಕೂತಿದೆ ಎಂಬುದು ಗೊತ್ತಾಗುವುದಿಲ್ಲ.

ಅದನ್ನು ತಿಳಿಯಬೇಕಾದರೆ ಪಳಸದೇವಕ್ಕೆ ಹೋಗಬೇಕು. ಹೆದ್ದಾರಿಯ ಬದಿಗೆ ಈಗಿರುವುದು ಹೊಸ ಊರು. ಹಳೆಯ ಊರು ನೀರಿನ ಕೆಳಗಿದೆ. 1960ರ ದಶಕದಲ್ಲಿ ಕೆಲಸ ಶುರುವಾಗಿ 1980ರಲ್ಲಿ ಉಜನಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಪುಣೆ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳ ಹತ್ತಾರು ಹಳ್ಳಿಗಳು ಮುಳುಗಿದವು. ಪಳಸದೇವದ ಹಳೆಯ ಪಳಸನಾಥ ಗುಡಿಯೂ ನೀರಿಗೆ ಹೋಯಿತು. ಜಲಾಶಯ ತುಂಬಿದಾಗ ಕಾಣುವುದು ಶಿಖರದ ತುದಿ ಮಾತ್ರ. ನೀರು ಮೈನಸ್‌ಗೆ ಇಳಿದ ವರ್ಷ ಕಲ್ಲಿನ ಕಂಬ, ಅಂಗಳ, ಸುತ್ತಲಿನ ವೀರಗಲ್ಲುಗಳ ಸಮೇತ ಗುಡಿ ಮೇಲೆ ಬರುತ್ತದೆ. ಆಗ ಊರಿನ ಹಿರಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಕೆಸರು ಒಣಗಿ ಬಿರುಕು ಬಿಟ್ಟ ನೆಲದ ಮೇಲೆ ನಿಂತು ಇದು ನಮ್ಮ ಓಣಿ, ಇದು ಬಾವಿ, ಇಲ್ಲಿ ಕಟ್ಟೆ ಇತ್ತು ಎಂದು ಕೈ ತೋರಿಸುತ್ತಾರೆ. ಬರಗಾಲ ಬಂದರೆ ಮಾತ್ರ ತವರು ಕಾಣುವ ಊರು ಅದು.

ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಮುಳುಗಡೆ’ ಎಂಬ ಒಂದು ಶಬ್ದ ಸಾಕು. ಆಲಮಟ್ಟಿಯ ಹಿನ್ನೀರಿಗೆ ಹೊಲ, ಮನೆ ಕೊಟ್ಟವರು, ಪುನರ್ವಸತಿ ಕೇಂದ್ರದ ಸಾಲು ಮನೆಗಳಲ್ಲಿ ಹೊಸ ಹೊಸ್ತಿಲಿಗೆ ಒಗ್ಗಿಕೊಂಡವರು ನಮ್ಮ ಬೀಗರಲ್ಲೇ ಇದ್ದಾರೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ ಕೆರೆಗೆ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಶಾಲೆಯಲ್ಲಿ ಅದನ್ನು ಓದುವಾಗ ಅದು ಹಳೆಯ ಕಾಲದ ಕತೆ ಎನಿಸುತ್ತದೆ. ಆಲಮಟ್ಟಿಯನ್ನೂ ಉಜನಿಯನ್ನೂ ನೋಡಿದ ಮೇಲೆ ಹಾಗೆನಿಸುವುದಿಲ್ಲ. ಕೆರೆಗೆ ನೀರು ಬೇಕೆಂದು ತೀರ್ಮಾನಿಸುವವರು ಒಬ್ಬರು, ಮನೆ ಬಿಟ್ಟು ಏಳುವವರು ಇನ್ನೊಬ್ಬರು ಎಂಬುದು ಈಗಲೂ ಬದಲಾಗಿಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಉಜನಿಯಿಂದ ಒಳ್ಳೆಯದೂ ಆಗಿದೆ. ಒಣ ನೆಲವೆಂದು ಹೆಸರಾಗಿದ್ದ ಸೊಲ್ಲಾಪುರ ಜಿಲ್ಲೆಯಲ್ಲಿ ಕಾಲುವೆ ಹರಿಯಿತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳ ಸಾಲೇ ಎದ್ದಿತು. 12ನೇ ಶತಮಾನದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆ ಇವತ್ತಿನ ಸೊಲ್ಲಾಪುರ. ಆ ನಗರವೂ ಈಗ ಉಜನಿಯ ನೀರು ಕುಡಿಯುತ್ತದೆ. ಅಲ್ಲಿ ಲಕ್ಷಗಟ್ಟಲೆ ಕನ್ನಡ ಮಾತಾಡುವವರಿದ್ದಾರೆ. ಹಿನ್ನೀರಿನ ಪಕ್ಕದಲ್ಲಿ ಹೊಲ ಉಳಿದವರು ಪಂಪು ಹಚ್ಚಿ ಕಬ್ಬು ಬೆಳೆದು ಮಾಡಿ ಕಟ್ಟಿದ್ದಾರೆ. ಹಾಗಾಗಿ ಅಣೆಕಟ್ಟೇ ಬೇಡವಿತ್ತು ಎಂದು ಈಗ ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ಲಾಭ ಕಾಲುವೆಯ ಕೆಳಗಿನವರಿಗೆ ಹೋದಷ್ಟು ಸಲೀಸಾಗಿ ಹಿನ್ನೀರಿನ ದಡದವರಿಗೆ ಬಂದಿಲ್ಲ. ಹೊಲವೂ ಇಲ್ಲದೆ ಬಲೆ ನಂಬಿದವರಿಗಂತೂ ಬಂದೇ ಇಲ್ಲ.

ಈ ಕೆರೆ ದಡದವರಿಗೆ ಇನ್ನೊಂದು ಕಷ್ಟ ಕೊಟ್ಟಿದೆ. ಅದು ದೂರದಿಂದ ನೋಡುವವರಿಗೆ ಹೊಳೆಯುವುದಿಲ್ಲ. ಮೊದಲು ಹೊಳೆ ದಾಟಿದರೆ ಆಚೆ ಊರು. ಈಗ ನಡುವೆ ಕಿಲೋಮೀಟರ್‌ಗಟ್ಟಲೆ ನೀರು. ಈಚೆ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕು, ಆಚೆ ಸೊಲ್ಲಾಪುರ ಜಿಲ್ಲೆಯ ಕರಮಾಳ ತಾಲ್ಲೂಕು. ಎದುರಿಗೇ ಕಾಣುವ ಊರಿಗೆ ರಸ್ತೆಯಲ್ಲಿ ಹೋದರೆ ಬಳಸು ದಾರಿ, ಅರ್ಧ ದಿನ. ಹಾಗಾಗಿ ಜನ ದೋಣಿ ಹತ್ತುತ್ತಾರೆ. ಕೆಲವೊಮ್ಮೆ ಮೋಟರ್‌ಸೈಕಲ್ಲನ್ನೂ ಹತ್ತಿಸುತ್ತಾರೆ. 2024ರ ಮೇ 21ರ ಸಂಜೆ ಕರಮಾಳ ತಾಲ್ಲೂಕಿನ ಕುಗಾಂವದಿಂದ ಇಂದಾಪುರ ತಾಲ್ಲೂಕಿನ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿತು. ಏಳು ಜನರಲ್ಲಿ ಒಬ್ಬರು ಈಜಿ ದಡ ಸೇರಿದರು. ಪುಟ್ಟ ಮಕ್ಕಳೂ ಸೇರಿ ಆರು ಜನ ಸತ್ತರು. ಆ ದಡಗಳ ನಡುವೆ ಸೇತುವೆ ಬೇಕೆಂಬುದು ಅಲ್ಲಿಯವರ ಬಹಳ ಹಳೆಯ ಬೇಡಿಕೆ. ನಮಗೆ ದೋಣಿ ಎಂದರೆ ಭಾನುವಾರದ ಮೋಜು. ಅವರಿಗೆ ಅದೇ ಬಸ್ಸು, ಅದೇ ರಸ್ತೆ. ಪ್ರವಾಸಿಗರು ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳುತ್ತಾರೆ. ದಿನವೂ ದಾಟುವವರಿಗೆ ಅದನ್ನು ಯಾರು ಕೊಟ್ಟಿದ್ದಾರೆ?

ಈಗ ನೀರಿನ ಮಾತಿಗೆ ಬರೋಣ. ಕಳೆದ ಸಲ ಹೋದಾಗ ಹಿನ್ನೀರಿನ ಒಂದು ಹಳ್ಳಿಯಲ್ಲಿ ಮೀನುಗಾರ ದಂಪತಿಯ ಮನೆಯಲ್ಲಿ ಊಟ ಮಾಡಿದೆ. ಗಂಡನಿಗೆ ಅರವತ್ತರ ಮೇಲಾಗಿದೆ. ನಾನು ಅವರನ್ನು ಕಾಕಾ ಎಂದೆ, ಆಕೆಯನ್ನು ಮಾವಶಿ ಎಂದೆ. ಈ ಎರಡೂ ನಮ್ಮ ಇಂಡಿಯ ಮನೆಗಳಲ್ಲೂ ಬಳಸುವ ಮಾತುಗಳು, ಹಾಗಾಗಿ ಬಾಯಿಗೆ ತೊಡಕಾಗಲಿಲ್ಲ. ತಟ್ಟೆಯಲ್ಲಿ ಚಿಲಾಪಿ ಇತ್ತು. ತಿಲಾಪಿಯಾ ಮೀನಿಗೆ ಅಲ್ಲಿ ಚಿಲಾಪಿ ಎನ್ನುತ್ತಾರೆ. ಮೊದಲು ಯಾವ್ಯಾವ ಮೀನು ಸಿಗುತ್ತಿತ್ತು ಎಂದು ಕೇಳಿದೆ. ಕಾಕಾ ಬೆರಳು ಮಡಚುತ್ತ ಏಳೆಂಟು ಹೆಸರು ಹೇಳಿದರು. ಈಗ ಬಲೆಗೆ ಬೀಳುವುದು ಬಹುಪಾಲು ಚಿಲಾಪಿಯೇ ಅಂತೆ. ಎಂಥ ಹೊಲಸು ನೀರಿನಲ್ಲೂ ಬದುಕುವ ಮೀನು ಅದು.

“ಬ್ಯಾಸಿಗ್ಯಾಗ ಬರ್ರಿ ದಾದಾ” ಎಂದರು ಮರಾಠಿಯಲ್ಲಿ. ನಾನಿಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. “ನೀರು ಹಸುರು ಬಣ್ಣದ ಡಬ್ಬಿ ಹೊಯ್ದಂಗ ಆಗಿರತೈತಿ. ಕೈ ಹಾಕಿದ್ರ ತುರಿಕಿ. ನಾವು ಅದರಾಗ ಸೊಂಟಮಟ ನಿಂತು ಬಲೀ ಎಳೀತೀವಿ.”

ಮಾವಶಿ ಊರು ಯಾವುದು ಎಂದು ಕೇಳಿದರು. ಇರುವುದು ಪಿಂಪ್ರಿ-ಚಿಂಚವಾಡ, ಊರು ಕರ್ನಾಟಕದ ಇಂಡಿ ಕಡೆ, ಭೀಮಾ ದಂಡೆ ಎಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಹಂಗಾದ್ರ ನೀವು ನಮ್ಮ ಮ್ಯಾಲಿನವರೂ ಹೌದು, ಕೆಳಗಿನವರೂ ಹೌದು. ನೀವು ಕಳಸಿದ್ದು ನಮಗ ಬರತೈತಿ. ನಾವು ಬಿಟ್ಟದ್ದು ನಿಮ್ಮ ಅವ್ವಗ ಹೋಗತೈತಿ.”

ಅವರು ದೂರುವ ದನಿಯಲ್ಲಿ ಹೇಳಲಿಲ್ಲ, ಹೊಳೆಯ ದಾರಿ ಹೇಳಿದರು ಅಷ್ಟೇ. ನೀರಿನ ಬಗ್ಗೆ ನಡೆಯುವ ಎಷ್ಟೋ ವಿಚಾರ ಸಂಕಿರಣಗಳಲ್ಲಿ ಕೇಳದ ಮಾತು ಅದು.

ಉಜನಿ ಹಸಿರಾಗುವುದು ಯಾಕೆ ಎಂಬುದರಲ್ಲಿ ಗುಟ್ಟೇನಿಲ್ಲ. ಶುದ್ಧೀಕರಿಸದ ಕೊಳಚೆ, ಕಾರ್ಖಾನೆಯ ನೀರು, ಕಬ್ಬಿನ ಹೊಲದಿಂದ ಬಸಿಯುವ ಗೊಬ್ಬರ ಇವೆಲ್ಲ ಸೇರಿ ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚುತ್ತದೆ. ಪಾಚಿಗೆ ಅದೇ ಹಬ್ಬದೂಟ. ಪಾಚಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಮೀನಿಗೆ ಉಸಿರು ಕಟ್ಟುತ್ತದೆ. ನದಿಯ ಕೊಳೆ ಅಳೆಯಲು ಬಿಒಡಿ ಎಂಬ ಒಂದು ಅಳತೆ ಇದೆ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿಯ ಆ ಭಾಗವನ್ನು ಕಲುಷಿತ ಎಂದು ಗುರುತಿಸುತ್ತದೆ. ಮಂಡಳಿಯ 2018ರ ಪಟ್ಟಿಯಲ್ಲಿ ದೇಶದ 351 ನದಿ ಭಾಗಗಳಿದ್ದವು. ಅದರಲ್ಲಿ 53 ಮಹಾರಾಷ್ಟ್ರದವು, ದೇಶದಲ್ಲೇ ಹೆಚ್ಚು. ಪವನಾ, ಇಂದ್ರಾಯಣಿ, ಮುಳಾ, ಮುಠಾ, ಭೀಮಾ ಎಲ್ಲವೂ ಅದರಲ್ಲಿವೆ. ಉಜನಿಗೆ ಬರುವ ದಾರಿಯ ಹೆಸರುಗಳೇ ಅವು.

ಪುಣೆಯ ಕೊಳಚೆ ಶುದ್ಧ ಮಾಡಲು ಯೋಜನೆ ಇಲ್ಲದಿಲ್ಲ. ಜಪಾನ್ ನೆರವಿನ ಮುಳಾ-ಮುಠಾ ಯೋಜನೆಗೆ 2016ರಲ್ಲೇ ಒಪ್ಪಂದವಾಯಿತು. 990 ಕೋಟಿ ರೂಪಾಯಿ, 11 ಹೊಸ ಶುದ್ಧೀಕರಣ ಘಟಕ, ದಿನಕ್ಕೆ 396 ದಶಲಕ್ಷ ಲೀಟರ್ ಸಾಮರ್ಥ್ಯ. 2022ರ ಆರಂಭಕ್ಕೆ ಮುಗಿಯಬೇಕಿದ್ದ ಕೆಲಸ ಗಡುವಿನ ಮೇಲೆ ಗಡುವು ದಾಟಿತು. ಆ ವರ್ಷಗಳಲ್ಲಿ ನಗರ ನಿಂತಿಲ್ಲ. ಬಾಣೇರ್, ವಾಕಡ್, ಹಿಂಜವಡಿ ಕಡೆ ಗೋಪುರದ ಮೇಲೆ ಗೋಪುರ ಎದ್ದವು. ಆ ಗೋಪುರಗಳಲ್ಲಿ ನಾವೂ ಇದ್ದೇವೆ. ಮಹಾಮಂಡಲಗಳು, ಕನ್ನಡ ಸಂಘಗಳು, ಯುಗಾದಿ ಕಾರ್ಯಕ್ರಮಗಳು ಎಲ್ಲ ಅಲ್ಲಿಯೇ ನಡೆಯುತ್ತವೆ.

ಆಷಾಢದಲ್ಲಿ ಆಳಂದಿಯಿಂದ, ದೇಹೂವಿನಿಂದ ಲಕ್ಷಾಂತರ ವಾರಕರಿಗಳು ಪಂಢರಪುರಕ್ಕೆ ನಡೆದು ಹೋಗುತ್ತಾರೆ. ಆಳಂದಿಯ ಇಂದ್ರಾಯಣಿಯೂ ಭೀಮೆಗೇ ಸೇರುತ್ತದೆ, ಉಜನಿಗೇ ಬರುತ್ತದೆ. ಪಾಲಖಿ ಹೋಗುವ ಊರಿಗೇ ನಮ್ಮ ಚರಂಡಿಯ ನೀರೂ ಹೋಗುತ್ತದೆ. ಚಂದ್ರಭಾಗೆ ಎಂದು ಭಕ್ತರು ಮುಳುಗೇಳುವುದು ಅದರಲ್ಲೇ. ಅಲ್ಲಿಂದ ಕೆಳಗೆ ಗಾಣಗಾಪುರದ ಸಂಗಮದಲ್ಲಿ ಹುಣ್ಣಿಮೆಗೆ ಮೀಯುವವರೂ ಅದೇ ಭೀಮೆಯಲ್ಲೇ ಮೀಯುತ್ತಾರೆ.

ಇಲ್ಲಿಗೆ ಬಂದಾಗ ನಮ್ಮವರೇ ಒಂದು ಪ್ರಶ್ನೆ ಎತ್ತುತ್ತಾರೆ. ಸಂಘದ ಸಭೆಯೊಂದರಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ತಮ್ಮಾ, ನಾವು ಹೊಟ್ಟೆಪಾಡಿಗೆ ಬಂದವರು. ಇಲ್ಲಿ ಗಡಿ, ನೀರು ಅಂತ ಮಾತು ತೆಗೆದರ ತಪ್ಪು ತಿಳಿತಾರ. ಇದು ಮಹಾರಾಷ್ಟ್ರದ ವಿಷಯ, ನಮಗ್ಯಾಕ?” ಅವರ ಭಯ ಸುಳ್ಳಲ್ಲ. ಬೆಳಗಾವಿಯಲ್ಲಿ ಗಲಾಟೆಯಾದಾಗ ಇಲ್ಲಿ ನಮ್ಮ ಬಸ್ಸಿಗೆ ಮಸಿ ಬಳಿದದ್ದನ್ನು ಎಲ್ಲರೂ ನೋಡಿದ್ದಾರೆ. ಆದರೆ ಅವರ ಪ್ರಶ್ನೆಗೆ ನನ್ನ ಉತ್ತರವೂ ಅಷ್ಟೇ ಸರಳ. ನಾವು ಇಲ್ಲಿ ಮನೆಪಟ್ಟಿ ಕಟ್ಟುತ್ತೇವೆ, ಇಲ್ಲಿ ಮತ ಹಾಕುತ್ತೇವೆ, ಇಲ್ಲಿಯ ಚರಂಡಿಗೆ ನೀರು ಬಿಡುತ್ತೇವೆ. ನಮ್ಮ ಮನೆಯ ಕೊಳವೆಯಿಂದ ಹೊರಬೀಳುವ ನೀರಿನ ಬಗ್ಗೆ ಮಾತಾಡಲು ಯಾವ ರಾಜ್ಯದವರಾದರೇನು? ಕುಂಭಾರಗಾವದ ಮೀನುಗಾರನ ಪರ ನಿಂತು ಕೇಳುವ ಕನ್ನಡಿಗನನ್ನು ಯಾವ ಮರಾಠಿಗನೂ ಶತ್ರು ಎನ್ನುವುದಿಲ್ಲ.

ನಮ್ಮ ರಾಜ್ಯದ ಕಡೆಯಿಂದಲೂ ಒಂದು ಕೊರತೆ ಇದೆ. ಉಜನಿಯ ಹೆಸರು ಕರ್ನಾಟಕದ ಪತ್ರಿಕೆಗಳಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ. ಒಂದು, ಮಳೆಗಾಲದಲ್ಲಿ ಗೇಟು ತೆರೆದಾಗ. 2020ರ ಅಕ್ಟೋಬರ್‌ನಲ್ಲಿ ಹಾಗಾಯಿತು. ಲಕ್ಷಗಟ್ಟಲೆ ಕ್ಯುಸೆಕ್ ನೀರು ಬಂದು ಭೀಮಾ ತೀರದ ಊರುಗಳು ನಡುಗಡ್ಡೆಯಾದವು. ನಮ್ಮ ಊರಿನ ಕೆಳಗಿನ ಓಣಿಗೆ ನೀರು ನುಗ್ಗಿ ಅವ್ವ ನಾಲ್ಕು ದಿನ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರದಲ್ಲಿದ್ದಳು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿಯ ನೀರೂ ಸೇರಿ ಮತ್ತೆ ಹಾಗೆಯೇ ಆಯಿತು. ಎರಡು, ಬೇಸಿಗೆಯಲ್ಲಿ ಭೀಮೆ ಬತ್ತಿದಾಗ. 2025ರ ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಉಜನಿಯಿಂದ 1 ಟಿಎಂಸಿ ಬಿಡಿ ಎಂದು ಕರ್ನಾಟಕದ ಮುಖ್ಯಮಂತ್ರಿ ಮಹಾರಾಷ್ಟ್ರಕ್ಕೆ ಪತ್ರ ಬರೆದರು.

ಎರಡೂ ಮಾತು ನ್ಯಾಯವೇ. ಆದರೆ ಎರಡೂ ಪ್ರಮಾಣದ ಮಾತು. ಎಷ್ಟು ಬಿಟ್ಟರು, ಎಷ್ಟು ಬಿಡಲಿಲ್ಲ. ಬಚಾವತ್ ನ್ಯಾಯಮಂಡಳಿಯಿಂದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯವರೆಗೆ ಕೃಷ್ಣಾ ಕಣಿವೆಯ ಜಗಳವೆಲ್ಲ ಟಿಎಂಸಿಯ ಭಾಷೆಯಲ್ಲೇ ನಡೆದಿದೆ. ಬರುವ ನೀರು ಎಂಥದು ಎಂದು ನಾವು ಗಟ್ಟಿಯಾಗಿ ಕೇಳುವುದು ಕಡಿಮೆ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದು. ಸಾವಿರ ಬಿಡಿಭಾಗ ಬಂದವು ಎಂದು ಚಲನ್‌ಗೆ ಸಹಿ ಹಾಕಿದರೆ ಮುಗಿಯುವುದಿಲ್ಲ. ಸಾವಿರದಲ್ಲಿ ಎಷ್ಟು ಸರಿ ಇವೆ ಎಂದು ಅಳೆದ ಮೇಲೆಯೇ ಮಾಲು ಒಳಗೆ. ಕುಡಿಯಲೆಂದು ಕೇಳಿ ಪಡೆಯುವ 1 ಟಿಎಂಸಿಗೆ ಅಂಥ ಪರೀಕ್ಷೆ ಬೇಡವೇ? ಮೈನಸ್‌ಗೆ ಇಳಿದ ಉಜನಿಯಿಂದ ಏಪ್ರಿಲ್‌ನಲ್ಲಿ ಬಿಡುವ ನೀರು, ವರ್ಷವಿಡೀ ಪುಣೆಯ ಕೊಳಚೆ ಕೂಡಿಸಿಕೊಂಡು ಕುದಿದ ನೀರು. ಅದನ್ನೇ ನಾವು ಕೈಮುಗಿದು ಕೇಳುತ್ತಿದ್ದೇವೆ.

ಎರಡೂ ಸರ್ಕಾರಗಳು ಕೂತು ಮಾತಾಡುವಾಗ ಉಜನಿಯ ಒಳಹರಿವಿನಲ್ಲೂ ಗಡಿಯಲ್ಲೂ ನೀರಿನ ಗುಣಮಟ್ಟವನ್ನು ಜಂಟಿಯಾಗಿ ಅಳೆದು ಪ್ರತಿ ತಿಂಗಳು ಪ್ರಕಟಿಸಬೇಕು ಎಂಬುದನ್ನೂ ಪಟ್ಟಿಗೆ ಸೇರಿಸಲಿ. ಇದರಲ್ಲಿ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಇಂದಾಪುರದ ಮೀನುಗಾರನಿಗೂ ಪಂಢರಪುರದ ಭಕ್ತನಿಗೂ ಅಫಜಲಪುರದ ರೈತನಿಗೂ ಒಂದೇ ಕಾಗದ ಸಾಕ್ಷಿಯಾಗುತ್ತದೆ. ನೀರಿನ ಜಗಳದಲ್ಲಿ ಎರಡೂ ರಾಜ್ಯದ ಬಡವರು ಒಂದೇ ಕಡೆ ನಿಲ್ಲಬಹುದಾದ ಅಪರೂಪದ ವಿಷಯ ಇದು.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ದೊಡ್ಡ ವಸತಿ ಸಮುಚ್ಚಯಗಳಲ್ಲಿ ಕೊಳಚೆ ಶುದ್ಧೀಕರಣ ಘಟಕ ಇರುತ್ತದೆ. ಎಷ್ಟು ಕಡೆ ಅದು ದಿನವೂ ಓಡುತ್ತದೆ ಎಂಬುದು ಬೇರೆ ಮಾತು. ನಾನಿರುವ ಸಮುಚ್ಚಯದಲ್ಲಿ ವಿದ್ಯುತ್ ಬಿಲ್ ಉಳಿಸಲು ರಾತ್ರಿ ಅದನ್ನು ಆರಿಸಿಡುತ್ತಿದ್ದರು. ವಾರ್ಷಿಕ ಸಭೆಯಲ್ಲಿ ಈ ಮಾತು ಎತ್ತಿದಾಗ ಮೊದಲ ವರ್ಷ ಯಾರೂ ಕಿವಿಗೊಡಲಿಲ್ಲ. ಎರಡನೇ ವರ್ಷ ಉಜನಿಗೆ ಹೋಗಿ ಬಂದ ನಾಲ್ಕು ಮನೆಯವರು ನನ್ನ ಜೊತೆ ನಿಂತರು. ಅದರಲ್ಲಿ ಎರಡು ಮರಾಠಿ ಮನೆ, ಒಂದು ತಮಿಳು ಮನೆ. ಈಗ ಘಟಕ ಪೂರ್ತಿ ಓಡುತ್ತದೆ, ಹೊರಬರುವ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳು ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸುತ್ತಾರೆ. ಪ್ರತಿ ಮನೆಗೆ ತಿಂಗಳಿಗೆ ಹೆಚ್ಚು ಬಿದ್ದ ಖರ್ಚು ಒಂದು ಸಲದ ಹೋಟೆಲ್ ತಿಂಡಿಗಿಂತ ಕಡಿಮೆ. 240 ಮನೆಗಳ ನೀರು ಉಜನಿಗೆ ಸಮುದ್ರದ ಮುಂದೆ ಚೊಂಬಿನಷ್ಟು ಎಂದು ನನಗೂ ಗೊತ್ತು. ಆದರೆ ಇಂಥ ಚೊಂಬುಗಳೇ ಸೇರಿ ಆ ಕೆರೆ ಹಸಿರಾಗಿದೆ.

ಈ ಬದಲಾವಣೆಗೆ ಕಾರಣ ನನ್ನ ಭಾಷಣವಲ್ಲ, ಆ ನಾಲ್ಕು ಮನೆಯವರು ಹಳ್ಳಿಗೆ ಹೋಗಿ ಬಂದದ್ದು. ಬಿಒಡಿ ಎಂಬ ಅಂಕಿ ಅವರನ್ನು ಅಲುಗಾಡಿಸಲಿಲ್ಲ. ತುರಿಕೆ ಬಿದ್ದ ಮೊಣಕಾಲು, ಬಲೆಯ ಬದಲು ಅಂತರಗಂಗೆ ಕಳೆಯನ್ನೇ ಎಳೆದು ದಡಕ್ಕೆ ಹಾಕುತ್ತಿದ್ದ ಹುಡುಗ, ಕಣ್ಣೆದುರು ಅಷ್ಟು ನೀರಿದ್ದರೂ ಕುಡಿಯಲು ಕ್ಯಾನ್ ನೀರು ಕೊಳ್ಳುವ ಮನೆ ಅವರನ್ನು ಅಲುಗಾಡಿಸಿದವು. ಅದಕ್ಕೇ ನಾನು ಹೋಗಿ ಎನ್ನುವುದು.

ಹೋಗುವುದಾದರೆ ಹೀಗೆ ಹೋಗಿ. ಊರಿಗೆ ಹೋಗುವಾಗ ರಾತ್ರಿಯ ಬದಲು ಬೆಳಗಿನ ಬಸ್ಸು ಅಥವಾ ರೈಲು ಹಿಡಿದು ಭಿಗವಣದಲ್ಲಿ ಇಳಿಯಿರಿ. ದಲ್ಲಾಳಿಯ ಮೂಲಕ ಬೇಡ, ದೋಣಿಯವರ ಜೊತೆ ನೇರ ಮಾತಾಡಿ, ಕೇಳಿದ್ದು ಕೊಡಿ. ಹಕ್ಕಿಗಳ ಹತ್ತಿರ ದೋಣಿ ನುಗ್ಗಿಸಿ ಹಾರಿಸಲು ಹೇಳಬೇಡಿ. ಊಟ ಹಳ್ಳಿಯ ಮನೆಯಲ್ಲೇ ಮಾಡಿ. ನಿಮ್ಮ ಹಳೆಯ ಊರು ಎಲ್ಲಿತ್ತು ಎಂದು ಕೇಳಿ, ಅವರು ಕೈ ತೋರಿಸಿದ ಕಡೆ ನೋಡಿ. ನೀರು ಇಳಿದಿದ್ದರೆ ಪಳಸದೇವದ ಗುಡಿಗೆ ಹೋಗಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಅಜ್ಜಿಯ ಊರಿಗೆ ಹೋಗುವ ನೀರು ಇದೇ ಎಂದು ತೋರಿಸಿ. ಮರುದಿನ ಊರು ಮುಟ್ಟಿದ ಮೇಲೆ, ಮೇಲಿನ ಹಳ್ಳಿಯವರು ಹೇಗಿದ್ದಾರೆ ಎಂದು ನಿಮ್ಮವರಿಗೆ ಹೇಳಿ. ಪುಣೆಗೆ ವಾಪಸಾದ ವಾರವೇ ನಿಮ್ಮ ಕಟ್ಟಡದ ಕಾರ್ಯದರ್ಶಿಯನ್ನು ಕಂಡು, ಶುದ್ಧೀಕರಣ ಘಟಕ ರಾತ್ರಿಯೂ ಓಡುತ್ತದೆಯೇ ಎಂದು ಕೇಳಿ.